ಶರಣ ಕಿನ್ನರಿ ಬ್ರಹ್ಮಯ್ಯನವರು

ಕಲ್ಯಾಣದ ಶರಣರಲ್ಲಿ ಅನೇಕರಿಗೆ ಅವರವರ ಕಾಯಕವೇ ಹೆಸರಾಗಿ ನಿಂತಿತು. ಬಟ್ಟೆ ಮಡಿಮಾಡಿದವರು ಮಡಿವಾಳ ಮಾಚಯ್ಯನವರು, ದೋಣಿ ನಡೆಸಿದವರು ಅಂಬಿಗರ ಚೌಡಯ್ಯನವರು, ಹಗ್ಗ ಹೊಸೆದವರು ನುಲಿಯ ಚಂದಯ್ಯನವರು. ಇವರ ನಡುವೆ ಒಬ್ಬ ಶರಣರಿಗೆ ತಾವು ಕೈಯಲ್ಲಿ ಹಿಡಿದ ವಾದ್ಯದ ಹೆಸರೇ ಅಂಟಿಕೊಂಡಿತು. ಅವರೇ ಕಿನ್ನರಿ ಬ್ರಹ್ಮಯ್ಯನವರು. ಬೊಮ್ಮಯ್ಯನೆಂದೂ ಕಿನ್ನರಯ್ಯನೆಂದೂ ಅವರನ್ನು ಕರೆಯುವುದುಂಟು. ಅವರ ಬಾಳು ಮೊದಲಾದುದು ತೆಲುಗು ನಾಡಿನಲ್ಲಿ, ಅರಳಿದುದು ಕಲ್ಯಾಣದಲ್ಲಿ, ಮುಗಿದುದು ಪಶ್ಚಿಮದ ಸಹ್ಯಾದ್ರಿಯ ಮಡಿಲಿನ ಉಳವಿಯಲ್ಲಿ ಎಂಬುದು ಪರಂಪರೆಯಿಂದ ಬಂದ ನಂಬಿಕೆ. ಉಳವಿಯು ಇಂದು ಕಾರವಾರವನ್ನು ಮುಖ್ಯಪಟ್ಟಣವಾಗಿ ಉಳ್ಳ ಉತ್ತರ ಕನ್ನಡ ಜಿಲ್ಲೆಗೆ ಸೇರಿದೆ. ಕಾರವಾರ, ಅಂಕೋಲೆಗಳ ಕಡಲತೀರದಿಂದ ಘಟ್ಟವನ್ನೇರಿ ಉಳವಿಯ ಯಾತ್ರೆಗೆ ಹೋಗುವ ಭಕ್ತರು ಚನ್ನಬಸವಣ್ಣನವರ ಸಮಾಧಿಗೆ ತಪ್ಪದೆ ನಮಿಸುವರು. ಅದೇ ಕಾಡಿನಲ್ಲಿ ಬಯಲಾದ ಈ ನಾದಯೋಗಿಯನ್ನು ನೆನೆಯುವವರು ವಿರಳ.

ಬ್ರಹ್ಮಯ್ಯನವರದು ಅಕ್ಕಸಾಲೆಯ ಕಾಯಕ. ಊರು ಆಂಧ್ರದ ಪೂದೂರೆಂದು ಹೇಳುವರು. ಅಕ್ಕಸಾಲೆಯ ಕೆಲಸವೆಂದರೆ ಅಗ್ಗಿಷ್ಟಿಕೆಯ ಮುಂದೆ ಕುಳಿತು ಉಸಿರು ಹಿಡಿದು ಮಾಡುವ ಸೂಕ್ಷ್ಮದ ಕೆಲಸ. ಅಲ್ಲಿ ಗುಲಗಂಜಿಯ ತೂಕಕ್ಕೂ ಲೆಕ್ಕವುಂಟು. ಊರವರ ಚಿನ್ನವು ಅಕ್ಕಸಾಲೆಯ ಕೈ ಸೇರಿದಾಗ ಊರವರ ಕಣ್ಣು ಅವನ ಮೇಲೆಯೇ ಇರುತ್ತದೆ. ಎಷ್ಟೇ ಪ್ರಾಮಾಣಿಕನಾದರೂ ಅನುಮಾನದ ಮಾತು ಅವನಿಗೆ ತಪ್ಪಿದುದಲ್ಲ. ಇಂಥ ಕಾಯಕದಲ್ಲಿ ಬೆಳೆದವರು ಅದನ್ನು ಬಿಟ್ಟು ಬಸವಣ್ಣನವರ ಕೀರ್ತಿಯನ್ನು ಕೇಳಿ ಕಲ್ಯಾಣಕ್ಕೆ ಬಂದರು. ಆದರೆ ಒರೆಗಲ್ಲಿನ ಮೇಲೆ ಗೆರೆಯನ್ನು ಓದಿದ ಕಣ್ಣು, ಎಳೆಯಾದ ತಂತಿಯನ್ನು ಎಳೆದ ಬೆರಳು ಇವು ಅವರೊಡನೆಯೇ ಬಂದವು. ಚಿನ್ನದ ತಂತಿಯನ್ನು ಎಳೆಯುತ್ತಿದ್ದ ಬೆರಳು ಕಿನ್ನರಿಯ ತಂತಿಯನ್ನು ಮೀಟುವುದಕ್ಕೆ ತೊಡಗಿತು.

ಕಿನ್ನರಿಯೆಂಬುದು ಯಾವ ಬಗೆಯ ವಾದ್ಯವೆಂಬುದನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಇಂದಿನ ಗೃಹಸ್ಥರಲ್ಲಿ ಅನೇಕರು ಅದನ್ನು ಕಂಡಿರಲಾರರು. ದೇವಗಿರಿಯ ಸೇವುಣ ಅರಸನಾದ ಸಿಂಘಣನ ಆಶ್ರಯದಲ್ಲಿ ಹದಿಮೂರನೆಯ ಶತಮಾನದಲ್ಲಿ ಬಾಳಿದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಲಘುಕಿನ್ನರಿ, ಬೃಹತ್ಕಿನ್ನರಿ ಎಂದು ಇದರ ಭೇದಗಳನ್ನು ವಿವರಿಸಿದ್ದಾನೆ. ಕಲ್ಯಾಣದ ಕಾಲಕ್ಕೂ ಆ ಗ್ರಂಥದ ಕಾಲಕ್ಕೂ ನೂರು ವರ್ಷಗಳ ಅಂತರವೂ ಇಲ್ಲ. ಒಂದು ದಂಡ, ಅದರ ಕೆಳಗೆ ಎರಡು ಅಥವಾ ಮೂರು ಸೋರೆಬುರುಡೆಗಳು, ಮೇಲೆ ತಂತಿ, ತಂತಿಯ ಅಡಿಯಲ್ಲಿ ಮೇಣದಿಂದ ಕೂರಿಸಿದ ಮೆಟ್ಟಿಲುಗಳು, ಇಷ್ಟೇ ಅದರ ರಚನೆ. ಇದರಲ್ಲಿ ಮೆಟ್ಟಿಲುಗಳದೇ ವಿಶೇಷ. ಮೆಟ್ಟಿಲಿಲ್ಲದ ವೀಣೆಯಲ್ಲಿ ಸ್ವರದ ಸ್ಥಾನವನ್ನು ಬೆರಳು ತಾನೇ ಹುಡುಕಿಕೊಳ್ಳಬೇಕು. ಕೂದಲೆಳೆಯಷ್ಟು ಸರಿದರೂ ಸ್ವರವು ಕೆಡುವುದು. ಅದಕ್ಕೆ ವರ್ಷಗಟ್ಟಲೆಯ ಗುರುಸೇವೆ ಬೇಕು. ಮೆಟ್ಟಿಲುಳ್ಳ ಕಿನ್ನರಿಯಲ್ಲಾದರೋ ಸ್ವರವು ತನ್ನ ಸ್ಥಾನದಲ್ಲಿ ಮೊದಲೇ ಕುಳಿತು ಕಾಯುತ್ತಿರುತ್ತದೆ. ಬೆರಳನ್ನು ಅಲ್ಲಿ ಊರಿ ತಂತಿಯನ್ನು ಮೀಟಿದರೆ ನುಡಿಯುವುದು. ಅದರಲ್ಲಿ ಪಾಂಡಿತ್ಯವನ್ನು ಮೆರೆಯುವವನಿಗೂ ಅವಕಾಶವುಂಟು, ಆದರೆ ಪಾಂಡಿತ್ಯವಿಲ್ಲದವನನ್ನೂ ಅದು ಹೊರಗೆ ನಿಲ್ಲಿಸುವುದಿಲ್ಲ. ಬಿದಿರು, ಸೋರೆಕಾಯಿ, ಮೇಣ ಇವೆಲ್ಲ ಹಳ್ಳಿಯ ಹಿತ್ತಲಲ್ಲಿಯೂ ಅಂಚಿನ ಅಡವಿಯಲ್ಲಿಯೂ ದೊರೆಯುವಂಥವು. ಅರಮನೆಯ ಗಾಯನಶಾಲೆಯನ್ನು ಕಾಣದವನೂ ತನ್ನ ಮನೆಯ ಜಗಲಿಯಲ್ಲಿ ಕುಳಿತು ಒಂದು ಧಾಟಿಯನ್ನು ಹಿಡಿಯಬಹುದಾಗಿತ್ತು. ವೇದಾಂತದ ಮಾತನ್ನು ಆಡುಗನ್ನಡದಲ್ಲಿ ಹೇಳಿದ ಶರಣರ ನಡುವೆ ಇಂಥ ವಾದ್ಯವೊಂದು ಮನ್ನಣೆಗೆ ಬಂದುದು ಆಶ್ಚರ್ಯವಲ್ಲ. ಸಂಸ್ಕೃತವನ್ನು ಕಲಿಯದವನಿಗೆ ವಚನವು ಹೇಗೋ, ವೀಣೆಯನ್ನು ಕಲಿಯದವನಿಗೆ ಕಿನ್ನರಿಯು ಹಾಗೆ.

ಶರಣರಲ್ಲಿ ಸಂಗೀತವನ್ನು ಬಲ್ಲವರು ಬೇರೆಯವರೂ ಇದ್ದರು. ಸಕಳೇಶ ಮಾದರಸನವರು ಅರಸುತನದಿಂದ ಬಂದ ವಿದ್ವಾಂಸರು. ಢಕ್ಕೆಯ ಬೊಮ್ಮಣ್ಣನವರು ಢಕ್ಕೆಯನ್ನು ಬಾರಿಸಿದವರು. ಬಸವಣ್ಣನವರಂತೂ ತಮ್ಮ ದೇಹವನ್ನೇ ವಾದ್ಯವಾಗಿ ಕಲ್ಪಿಸಿ ಶಿವನ ಕೈಗೆ ಒಪ್ಪಿಸಿದ ವಚನವನ್ನು ನಾಡೆಲ್ಲ ಬಲ್ಲದು. ಅಂಥ ಸಂಗದಲ್ಲಿ ಬ್ರಹ್ಮಯ್ಯನವರಿಗೆ ನೆಲೆ ದೊರೆಯಿತು.

ಕಲ್ಯಾಣದಲ್ಲಿ ತ್ರಿಪುರಾಂತಕನ ಗುಡಿಯೇ ಅವರ ಕಾಯಕದ ಠಾವು. ಇಂದಿನ ಬಸವಕಲ್ಯಾಣದಲ್ಲಿ ತ್ರಿಪುರಾಂತಕನ ಹೆಸರಿನ ಕೆರೆಯೊಂದು ಇದ್ದು ಆ ನೆನಪನ್ನು ಉಳಿಸಿದೆ. ನಿತ್ಯವೂ ಆ ಸನ್ನಿಧಿಯಲ್ಲಿ ಕುಳಿತು ಕಿನ್ನರಿಯನ್ನು ನುಡಿಸುತ್ತ ಶಿವನನ್ನು ಸ್ತುತಿಸುವುದು ಅವರ ವ್ರತ. ಅವರ ವಚನಗಳ ಅಂಕಿತದಲ್ಲಿಯೂ ತ್ರಿಪುರಾಂತಕನೇ ಇದ್ದಾನೆ. ಅವರ ನಾದಕ್ಕೆ ಒಲಿದ ತ್ರಿಪುರಾಂತಕನು ದಿನವೂ ಹೊನ್ನನ್ನು ದಯಪಾಲಿಸುತ್ತಿದ್ದನೆಂದು ಪುರಾಣವು ಹೇಳುವುದು. ಈ ಹೊನ್ನು ದೇವರು ಕೊಟ್ಟ ಪವಾಡವೋ, ಗುಡಿಗೆ ಬಂದ ಭಕ್ತರು ನಾದಕ್ಕೆ ಮೆಚ್ಚಿ ಇಟ್ಟ ಕಾಣಿಕೆಯೋ ಎಂದು ತರ್ಕಿಸುವವರು ತರ್ಕಿಸಲಿ. ಎರಡರಲ್ಲಿ ಯಾವುದಾದರೂ ಆ ಹೊನ್ನು ಹೋದ ದಾರಿಯು ಒಂದೇ. ಬೆಳಿಗ್ಗೆ ಬಂದುದು ಸಂಜೆಯೊಳಗೆ ಜಂಗಮರ ದಾಸೋಹಕ್ಕೆ ಸಲ್ಲುತ್ತಿತ್ತು. ನಾಳೆಗೆಂದು ಉಳಿಸಲಿಲ್ಲ. ಚಿನ್ನವನ್ನು ಗುಲಗಂಜಿಯಿಂದ ತೂಗಿ ಬಾಳಿದ ಕೈ, ತೂಗದೆ ಕೊಡುವುದನ್ನು ಕಲಿಯಿತು.

ಇಲ್ಲಿ ಒಂದು ಪ್ರಶ್ನೆಯು ಏಳುವುದು ಸಹಜ. ವಾದ್ಯವನ್ನು ನುಡಿಸುವುದು ಕಾಯಕವಾದೀತೆ? ಮಡಿವಾಳನ ಶ್ರಮದಿಂದ ಬಟ್ಟೆಯು ಶುಭ್ರವಾಗುವುದು, ಮೇದಾರನ ಶ್ರಮದಿಂದ ಬುಟ್ಟಿಯು ಸಿದ್ಧವಾಗುವುದು. ಕಿನ್ನರಿಯಿಂದ ಆಗುವುದೇನು? ನಾದವು ಹುಟ್ಟಿದ ಮರುಕ್ಷಣವೇ ಅಡಗುವುದು. ಅದನ್ನು ಕಟ್ಟಿಡಲು ಬಾರದು, ಮಾರಲು ಬಾರದು. ಆದರೆ ಹಗಲೆಲ್ಲ ದುಡಿದು ದಣಿದವನು ಸಂಜೆ ಗುಡಿಯ ಕಟ್ಟೆಯಲ್ಲಿ ಕುಳಿತು ಒಂದು ಗಳಿಗೆ ಅದನ್ನು ಕೇಳಿ ಮನೆಗೆ ಹೋದಾಗ ಅವನ ಮನಸ್ಸಿನ ಕೊಳೆಯು ಕಳೆದಿರುತ್ತದೆ. ಇದು ಮಾಚಯ್ಯನವರ ಕಾಯಕಕ್ಕೆ ಹತ್ತಿರದ ಕೆಲಸವೇ. ನುಡಿಸುವವನಿಗೆ ಆನಂದ, ಕೇಳುವವನಿಗೆ ವಿಶ್ರಾಂತಿ, ಬಂದ ಕಾಣಿಕೆಯಿಂದ ಹಸಿದವನಿಗೆ ಅನ್ನ. ಬ್ರಹ್ಮಯ್ಯನವರ ಕಿನ್ನರಿಯು ಈ ಮೂರನ್ನೂ ಸಾಧಿಸಿತು. ಮೂರನೆಯದು ಇಲ್ಲದೆ ಹೋಗಿದ್ದರೆ ಶರಣರು ಅದನ್ನು ವಿನೋದವೆಂದು ಕರೆಯುತ್ತಿದ್ದರೇ ಹೊರತು ಕಾಯಕವೆಂದು ಒಪ್ಪುತ್ತಿರಲಿಲ್ಲ.

ಬ್ರಹ್ಮಯ್ಯನವರ ಬಾಳಿನಲ್ಲಿ ಜನಪ್ರಿಯವಾದ ಪ್ರಸಂಗವೆಂದರೆ ಉಳ್ಳಿಯದು. ಉಳ್ಳಿಯೆಂದರೆ ನಮ್ಮ ಉಳ್ಳಾಗಡ್ಡಿ, ಈರುಳ್ಳಿ. ಅದನ್ನು ಬ್ರಹ್ಮಯ್ಯನವರು ಬಹಳ ಮೆಚ್ಚುತ್ತಿದ್ದರು. ಶಿವನಿಗೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುತ್ತಿದ್ದರು. ಒಮ್ಮೆ ಬಸವಣ್ಣನವರು ಅದರ ವಾಸನೆಯನ್ನು ಕುರಿತು ಹಗುರಾಗಿ ಒಂದು ಮಾತನ್ನಾಡಿದರು. ಆ ಮಾತು ಬ್ರಹ್ಮಯ್ಯನವರ ಎದೆಗೆ ನಾಟಿತು. ಶಿವಾರ್ಪಿತವಾದ ವಸ್ತುವನ್ನು ಭಕ್ತಿಭಂಡಾರಿಯೇ ಹಳಿದ ಮೇಲೆ ಈ ಊರಿನಲ್ಲಿ ಇರುವುದು ಹೇಗೆಂದು ನೊಂದು ಕಿನ್ನರಿಯನ್ನು ತೆಗೆದುಕೊಂಡು ಕಲ್ಯಾಣವನ್ನೇ ತೊರೆದು ಹೊರಟರು.

ಸಣ್ಣ ಮಾತಿಗೆ ಇಷ್ಟು ದೊಡ್ಡ ಮುನಿಸೇ ಎಂದು ಇಂದು ಓದುವವರಿಗೆ ತೋರಬಹುದು. ಆದರೆ ಉಳ್ಳಿಯು ಬಡವರ ಆಹಾರ. ಜೋಳದ ರೊಟ್ಟಿಯ ಮೇಲೆ ಉಳ್ಳಾಗಡ್ಡಿಯನ್ನು ಜಜ್ಜಿ ಹಾಕಿಕೊಂಡು ಹೊಲಕ್ಕೆ ಹೋಗುವ ಒಕ್ಕಲಿಗನಿಗೆ ಅದೇ ಮೃಷ್ಟಾನ್ನ. ಉತ್ತಮರ ಪಂಕ್ತಿಗೆ ಸಲ್ಲದೆಂದು ಶಾಸ್ತ್ರಿಗಳು ದೂರವಿಟ್ಟ ಪದಾರ್ಥವದು. ಅದನ್ನು ಹಳಿದರೆ ಅದನ್ನುಂಡು ಬಾಳುವವರನ್ನೂ ಹಳಿದಂತೆಯೇ. ಎಲ್ಲ ವೀಣೆಗಳೊಳಗೆ ಸಾಮಾನ್ಯರಿಗೆ ದಕ್ಕುವ ಕಿನ್ನರಿಯನ್ನು ಎದೆಗೊತ್ತಿಕೊಂಡವರು, ಎಲ್ಲ ಪದಾರ್ಥಗಳೊಳಗೆ ಸಾಮಾನ್ಯರಿಗೆ ದಕ್ಕುವ ಉಳ್ಳಿಯ ಪಕ್ಷವನ್ನು ವಹಿಸಿದುದರಲ್ಲಿ ಒಂದು ಸಂಬಂಧವು ಇದ್ದೇ ಇದೆ.

ಬಸವಣ್ಣನವರಿಗೆ ತಮ್ಮ ತಪ್ಪಿನ ಅರಿವಾಯಿತು. ಮಂತ್ರಿಪದವಿಯಲ್ಲಿದ್ದವರು ಆಳನ್ನು ಕಳುಹಿಸಿ ಕರೆಸಿಕೊಳ್ಳಲಿಲ್ಲ. ಉಳ್ಳಿಯನ್ನು ರಾಶಿ ರಾಶಿಯಾಗಿ ತರಿಸಿ, ಶೃಂಗರಿಸಿ, ವಾದ್ಯಘೋಷದೊಡನೆ ಮೆರವಣಿಗೆಯನ್ನು ಮಾಡಿ, ಶರಣರೊಡನೆ ಹೋಗಿ ಬ್ರಹ್ಮಯ್ಯನವರ ಕಾಲಿಗೆರಗಿ ಕರೆತಂದರು. ಕಲ್ಯಾಣದ ಬೀದಿಯಲ್ಲಿ ಉಳ್ಳಾಗಡ್ಡಿಯ ಉತ್ಸವವು ನಡೆಯಿತು! ಇಂಥ ಹಬ್ಬವು ಬೇರಾವ ರಾಜಧಾನಿಯಲ್ಲಿ ನಡೆದಿದ್ದೀತು? ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಿಂದ ಬೆಳೆದು ಬಂದ ಪರಂಪರೆಯಲ್ಲಿ ಈ ಕಥೆಗೆ ಬಹಳ ಮನ್ನಣೆಯುಂಟು. ಆ ಪುರಾಣವನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ಕನ್ನಡದಲ್ಲಿ ಬಸವಪುರಾಣವನ್ನು ರಚಿಸಿದನು.

ಇನ್ನೊಂದು ಕಥೆಯನ್ನು ಹೇಳುವಾಗ ಮನಸ್ಸು ಅಳುಕುವುದು. ವೇಶ್ಯೆಯ ಮನೆಗೆಂದು ವಿಟನೊಬ್ಬನು ಕೊಂಡೊಯ್ಯುತ್ತಿದ್ದ ಕುರಿಯು ತಪ್ಪಿಸಿಕೊಂಡು ತ್ರಿಪುರಾಂತಕನ ಗುಡಿಯನ್ನು ಹೊಕ್ಕಿತು. ಶಿವನನ್ನು ಮೊರೆಹೊಕ್ಕ ಪ್ರಾಣಿಯನ್ನು ಕೊಲೆಗೆ ಒಪ್ಪಿಸಲಾರೆನೆಂದು ಬ್ರಹ್ಮಯ್ಯನವರು ಅದರ ಬೆಲೆಯನ್ನು ಹೊನ್ನಿನಲ್ಲಿ ಕೊಡಲು ಮುಂದಾದರು. ಕೊನೆಗೆ ಮಾತಿಗೆ ಮಾತು ಬೆಳೆದು, ಜಗಳವು ಕೈಮೀರಿ, ಬ್ರಹ್ಮಯ್ಯನವರ ಕೈಯಿಂದ ಆ ವಿಟನ ಪ್ರಾಣವು ಹೋಯಿತೆಂದು ಪುರಾಣವು ಹೇಳುತ್ತದೆ. ದೂರು ಬಿಜ್ಜಳನವರೆಗೆ ಹೋಯಿತು. ಸಾಕ್ಷಿ ಯಾರೆಂಬ ಪ್ರಶ್ನೆ ಬಂದಾಗ ಬ್ರಹ್ಮಯ್ಯನವರು ತ್ರಿಪುರಾಂತಕನನ್ನೇ ಕೂಗಿ ಕರೆದರು. ಗುಡಿಯೊಳಗಿನಿಂದ ಓಗೊಟ್ಟ ಧ್ವನಿಯು ಬಂದಿತು. ವೀರಭಕ್ತಿಯನ್ನು ಮೆರೆಯುವ ಪುರಾಣಕಾರನಿಗೆ ಇದು ಹಿರಿದಾದ ಪವಾಡ. ಆದರೆ ಒಂದು ಕುರಿಯ ಜೀವಕ್ಕಾಗಿ ಮರುಗಿದ ಹೃದಯವು ಮನುಷ್ಯನೊಬ್ಬನ ಜೀವವು ಹೋದಾಗ ಮರುಗದೆ ಇದ್ದೀತೆ? ದಯೆಯನ್ನೇ ಧರ್ಮದ ಮೂಲವೆಂದು ಸಾರಿದ ಬಸವಣ್ಣನವರ ಸಂಗದಲ್ಲಿ ಬೆಳೆದವರ ವಿಷಯದಲ್ಲಿ ಈ ಕಥೆಯ ಮೊದಲರ್ಧವು ಮನಸ್ಸಿಗೆ ಹತ್ತಿರವಾಗುವಷ್ಟು ಉತ್ತರಾರ್ಧವು ಆಗುವುದಿಲ್ಲ. ಶರಣಾಗತವಾದ ಮೂಕಪ್ರಾಣಿಗಾಗಿ ತಮ್ಮ ದಿನದ ಗಳಿಕೆಯನ್ನೆಲ್ಲ ಮುಂದಿಟ್ಟ ಆ ಚಿತ್ರವು ಭಕ್ತರ ನೆನಪಿನಲ್ಲಿ ನಿಲ್ಲತಕ್ಕದ್ದು.

ಬ್ರಹ್ಮಯ್ಯನವರು ಸುಲಭಕೋಪಿಗಳೆಂಬುದು ಈ ಎರಡು ಪ್ರಸಂಗಗಳಿಂದ ಗೊತ್ತಾಗುವುದು. ಅವರ ಅಹಂಕಾರವು ಪೂರ್ಣವಾಗಿ ಕರಗಿದುದು ಅಕ್ಕಮಹಾದೇವಿಯವರ ಎದುರಿನಲ್ಲಿ. ಉಡುತಡಿಯಿಂದ ಹೊರಟು, ಕೂದಲನ್ನೇ ಹೊದಿಕೆಯಾಗಿ ಹೊದ್ದು ಅಕ್ಕನವರು ಕಲ್ಯಾಣಕ್ಕೆ ಬಂದಾಗ ಅವರ ವೈರಾಗ್ಯವನ್ನು ಪರೀಕ್ಷಿಸಲು ಬ್ರಹ್ಮಯ್ಯನವರು ಎದುರಾದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಂದಿದೆ. ಪರೀಕ್ಷೆಯು ಕಠಿಣವಾದುದು, ಇಂದಿನ ಮರ್ಯಾದೆಗೆ ಒಪ್ಪದ ರೀತಿಯದು. ಕಾಮವನ್ನು ಸುಟ್ಟವರಲ್ಲಿ ವಿಭೂತಿಯನ್ನಲ್ಲದೆ ಬೇರೇನನ್ನೂ ಅವರು ಕಾಣಲಿಲ್ಲ. ಒರೆಗಲ್ಲನ್ನು ಹಿಡಿದು ಬಂದ ಅಕ್ಕಸಾಲೆಗೆ, ಪರೀಕ್ಷೆಗೊಳಗಾದವನು ತಾನೇ ಎಂಬುದು ತಿಳಿಯಿತು. ಅಕ್ಕನವರ ಪಾದಕ್ಕೆರಗಿ, ಮಹಾಮನೆಗೆ ಹೋಗಿ ಅವರ ಮಹಿಮೆಯನ್ನು ಶರಣರ ಮುಂದೆ ನಿವೇದಿಸಿದರು. ಸೋತವನು ತನ್ನ ಸೋಲನ್ನು ತಾನೇ ಸಭೆಯಲ್ಲಿ ಹೇಳಿಕೊಳ್ಳುವುದು ಸುಲಭವಲ್ಲ. ಉಳ್ಳಿಯ ಪ್ರಸಂಗದಲ್ಲಿ ಬಸವಣ್ಣನವರು ತೋರಿದ ವಿನಯವು ಬ್ರಹ್ಮಯ್ಯನವರಲ್ಲಿ ಈ ರೀತಿ ಫಲಿಸಿತೆಂದು ತಿಳಿಯಬಹುದು.

ಕ್ರಿ. ಶ. 1167ರ ಸುಮಾರಿಗೆ ಕಲ್ಯಾಣದಲ್ಲಿ ವಿಪ್ಲವವೆದ್ದಿತು. ಹರಳಯ್ಯ, ಮಧುವಯ್ಯನವರಿಗೆ ಎಳೆಹೂಟೆಯ ಶಿಕ್ಷೆಯಾಯಿತು, ಬಿಜ್ಜಳನು ಹತನಾದನು, ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಉಳಿದ ಶರಣರು ವಚನದ ಕಟ್ಟುಗಳನ್ನು ಹೊತ್ತು ದಿಕ್ಕು ದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರ ಮುಂದಾಳುತನದಲ್ಲಿ ಒಂದು ದಂಡು ಪಶ್ಚಿಮಕ್ಕೆ ನಡೆಯಿತು. ಬೆನ್ನಟ್ಟಿ ಬಂದ ಸೈನ್ಯದೊಡನೆ ಕಾದರವಳ್ಳಿಯಲ್ಲಿ ಕಾಳಗವಾಯಿತೆಂದೂ, ಡೋಹರ ಕಕ್ಕಯ್ಯನವರು ಕಕ್ಕೇರಿಯಲ್ಲಿ ಐಕ್ಯರಾದರೆಂದೂ ಆ ಊರುಗಳ ಪರಂಪರೆಯು ಇಂದಿಗೂ ಹೇಳುತ್ತದೆ. ಆ ದಂಡಿನೊಡನೆ ಬಂದು ಉಳವಿಯನ್ನು ಸೇರಿದವರಲ್ಲಿ ಬ್ರಹ್ಮಯ್ಯನವರೂ ಒಬ್ಬರು.

ತ್ರಿಪುರಾಂತಕನ ಗುಡಿಯು ಹಿಂದೆ ಉಳಿಯಿತು. ನಿತ್ಯದ ಹೊನ್ನೂ ಅಲ್ಲಿಗೆ ನಿಂತಿತು. ತಮ್ಮ ವಚನಗಳ ಕೊನೆಯಲ್ಲಿ ಯಾರ ಹೆಸರನ್ನು ನುಡಿಯುತ್ತಿದ್ದರೋ ಆ ದೇವರ ಗುಡಿಯನ್ನೇ ಬಿಟ್ಟು ನಡೆಯುವುದು ಸಣ್ಣ ಅಗಲಿಕೆಯಲ್ಲ. ಆದರೆ ಸ್ಥಾವರವನ್ನು ಬಿಟ್ಟು ಬಂದವರ ಕೊರಳಿನಲ್ಲಿ ಇಷ್ಟಲಿಂಗವಿತ್ತು.

ಉಳವಿಯ ಸೀಮೆಯನ್ನು ಬಲ್ಲವರಿಗೆ ಆ ಕೊನೆಯ ದಿನಗಳ ಕಷ್ಟವನ್ನು ಊಹಿಸುವುದು ಕಠಿಣವಲ್ಲ. ಬೀದರಿನ ಕಡೆಯ ಬಯಲುನಾಡಿನ ಬಿಸಿಲಿನಲ್ಲಿ ಬೆಳೆದವರು ತಿಂಗಳುಗಟ್ಟಲೆ ಮಳೆ ಸುರಿಯುವ ದಟ್ಟಡವಿಯನ್ನು ಹೊಕ್ಕಿದ್ದರು. ಅಲ್ಲಿ ಜೋಳವಿಲ್ಲ, ಹತ್ತಿಯಿಲ್ಲ. ಬಿದಿರ ಮೆಳೆ, ಜಿಗಣೆ, ಕಾಡುಪ್ರಾಣಿಗಳು. ಮಹಾಮನೆಯ ಗವಿ, ಆಕಳ ಗವಿ, ಅಕ್ಕನಾಗಮ್ಮನವರ ಹೆಸರಿನ ಗವಿ, ಹರಳಯ್ಯನವರ ಚಿಲುಮೆ ಎಂದು ಯಾತ್ರಿಕರು ಇಂದು ದರ್ಶನ ಮಾಡುವ ಸ್ಥಳಗಳೆಲ್ಲ ಆ ವನವಾಸದ ಗುರುತುಗಳು. ಕಲ್ಯಾಣದ ಮಹಾಮನೆಯು ಇಲ್ಲಿ ಕಲ್ಲಿನ ಗವಿಯಾಯಿತು. ಹೆಸರು ಮಾತ್ರ ಬದಲಾಗಲಿಲ್ಲ. ಇಂಥಲ್ಲಿ ದೊಡ್ಡ ಸಭಾಮಂಟಪವನ್ನು ಬೇಡುವ ವಾದ್ಯವು ನಡೆಯದು. ಸೋರೆಬುರುಡೆಯ ಕಿನ್ನರಿಗೆ ಗವಿಯಾದರೂ ಸಾಕು, ಮರದಡಿಯಾದರೂ ಸಾಕು. ಚನ್ನಬಸವಣ್ಣನವರು ಚಿಕ್ಕ ವಯಸ್ಸಿನಲ್ಲಿಯೇ ಅಲ್ಲಿ ಲಿಂಗೈಕ್ಯರಾದರು. ಬ್ರಹ್ಮಯ್ಯನವರೂ ಅಲ್ಲಿಯೇ ಬಯಲಲ್ಲಿ ಬಯಲಾದರು.

ಉಳವಿಯಿರುವ ತಾಲೂಕಿಗೆ ಮೊದಲು ಸೂಪಾ ಎಂದೇ ಹೆಸರು. ಸೂಪಾ ಪಟ್ಟಣವು ಕಾಳಿನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ ಜೋಯಿಡಾ ಮುಖ್ಯಸ್ಥಳವಾಯಿತು. ಅದೇ ತಾಲೂಕಿನಲ್ಲಿ ಹುಟ್ಟುವ ಕಾಳಿಯು ಘಟ್ಟವನ್ನಿಳಿದು ಕಾರವಾರದ ಬಳಿ ಕಡಲನ್ನು ಸೇರುವಳು. ಆ ಅಳಿವೆಯ ದಂಡೆಯಲ್ಲಿ ಸದಾಶಿವಗಡವಿದೆ. ಸ್ವಾದಿಯ ಅರಸನಾದ ಬಸವಲಿಂಗನು ತನ್ನ ತಂದೆಯಾದ ಸದಾಶಿವನ ಹೆಸರಿನಲ್ಲಿ ಅದನ್ನು ಕಟ್ಟಿಸಿದನು. ಶರಣರು ಕಾಡು ಸೇರಿದ ಐದು ಶತಮಾನಗಳ ಮೇಲೆ, ಅದೇ ನದಿಯ ಮುಖದಲ್ಲಿ ಬಸವನ ಹೆಸರನ್ನು ಹೊತ್ತ ಅರಸನೊಬ್ಬನು ಇದ್ದುದನ್ನು ನೆನೆದರೆ ಸಂತೋಷವಾಗುವುದು.

ಕಿನ್ನರಿಯ ಗತಿಯೇನಾಯಿತು? ಗಾಯನಶಾಸ್ತ್ರದ ಸಭೆಯಿಂದ ಅದು ಮೆಲ್ಲನೆ ಹಿಂದೆ ಸರಿಯಿತು. ಹಳ್ಳಿಯಲ್ಲಿ ಮಾತ್ರ ಉಳಿಯಿತು. ಮೂರು ಬುರುಡೆಯ ಕಿನ್ನರಿಯನ್ನು ಹೆಗಲಿಗೇರಿಸಿ ಮನೆಮನೆಯ ಮುಂದೆ ಭಾರತದ ಕಥೆಗಳನ್ನು ಹಾಡುತ್ತಿದ್ದ ಕಿನ್ನರಿ ಜೋಗಿಗಳನ್ನು ಕಂಡ ಹಿರಿಯರು ಬಹುಮಂದಿ. ಶರಣರ ಮಠಗಳಲ್ಲಿ ಅದರ ಸ್ಥಾನವನ್ನು ಇನ್ನೂ ಸುಲಭವಾದ ಏಕತಾರಿಯು ಹಿಡಿಯಿತು. ಅದಕ್ಕೆ ಮೆಟ್ಟಿಲೂ ಇಲ್ಲ. ಒಂದೇ ತಂತಿ, ಒಂದೇ ಸ್ವರ. ಸ್ವರವಚನ, ತತ್ತ್ವಪದಗಳನ್ನು ಹಾಡುವವನಿಗೆ ಆ ಒಂದೇ ಸ್ವರವು ಆಧಾರವಾಗಿ ನಿಲ್ಲುವುದು. ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲಿಗರಲ್ಲಿ ಇದೇ ಬಗೆಯ ಸಾದಾ ವಾದ್ಯವಾದ ಗುಮಟೆಯುಂಟು. ಕುಂಬಾರನು ಮಾಡಿದ ಮಣ್ಣಿನ ಗಡಿಗೆಗೆ ಚರ್ಮವನ್ನು ಬಿಗಿದ ವಾದ್ಯವದು. ಗದ್ದೆಯಲ್ಲಿ ದುಡಿದ ಕೈಗಳೇ ಸುಗ್ಗಿಯ ಹಬ್ಬದಲ್ಲಿ ಅದನ್ನು ಬಾರಿಸುವುವು. ಅವರ ಮತಾಚಾರಗಳು ಬೇರೆ. ಆದರೂ ದುಡಿಮೆಯ ಕೈಗೂ ನಾದಕ್ಕೂ ನಡುವೆ ಗೋಡೆಯನ್ನು ಕಟ್ಟದ ಜನವದು; ಬ್ರಹ್ಮಯ್ಯನವರು ಕಂಡಿದ್ದರೆ ಜೊತೆಯಲ್ಲಿ ಕುಳಿತು ಕಿನ್ನರಿಯನ್ನು ಶ್ರುತಿಗೂಡಿಸುತ್ತಿದ್ದರೆಂದು ಧಾರಾಳವಾಗಿ ಹೇಳಬಹುದು.

ಮಾಘಮಾಸದ ಭಾರತ ಹುಣ್ಣಿಮೆಗೆ ಉಳವಿಯ ಜಾತ್ರೆ. ಧಾರವಾಡ, ಬೆಳಗಾವಿಯ ಕಡೆಯಿಂದ ಒಕ್ಕಲಿಗರು ಎತ್ತುಗಳನ್ನು ಶೃಂಗರಿಸಿ ಚಕ್ಕಡಿಗಳನ್ನು ಹೂಡಿಕೊಂಡು ಬರುವರು. ಕಾರವಾರ, ಅಂಕೋಲೆಯ ಕಡೆಯವರು ಕದ್ರಾ, ಅಣಶಿಯ ಘಟ್ಟವನ್ನೇರಿ ಕುಂಬಾರವಾಡದ ದಾರಿಯಿಂದ ಬರುವರು. ರಾತ್ರಿ ಎತ್ತುಗಳ ಕೊರಳನ್ನು ಬಿಚ್ಚಿ ಮೇವು ಹಾಕಿದ ಮೇಲೆ ಮರಗಳ ಅಡಿಯಲ್ಲಿ ಅಲ್ಲಲ್ಲಿ ಭಜನೆಗಳು ಮೊದಲಾಗುವುವು. ಹಿರಿಯನೊಬ್ಬನು ಏಕತಾರಿಯನ್ನು ಹಿಡಿಯುವನು. ದಮ್ಮಡಿಯು ಇನ್ನೊಬ್ಬನ ಕೈಗೆ ಬರುವುದು. ಹಾಡಲು ನಾಚುವ ಹುಡುಗನ ಕೈಗೆ ಯಾರಾದರೂ ತಾಳವನ್ನು ಕೊಡುವರು. ಮೊದಲ ಎರಡು ಪದಗಳಲ್ಲಿ ಅವನ ತಾಳವು ತಪ್ಪುವುದು, ಯಾರೂ ಬೈಯುವುದಿಲ್ಲ. ಮೂರನೆಯ ಪದದ ಹೊತ್ತಿಗೆ ಅವನೂ ಹಾಡುತ್ತಿರುವನು.